ಮುಂಡರಗಿಗೆ ಬೈ

ಆ ಡಿಸೆಂಬರಿನಲ್ಲಿ ಗದಗ-ಬೆಟಗೇರಿಯಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲ್ ಬಗ್ಗೆ ಎಲ್ಲರಿಗಿಂತ ಹೆಚ್ಚು ತಲೆ ಕೆಡಿಸಿಕೊಂಡಿದ್ದ ಮನುಷ್ಯನಿಗೆ ಫುಟ್‌ಬಾಲ್ ಆಟದ ಗಂಧಗಾಳಿ ಇರಲಿಲ್ಲ. ಅವನು ದಾದಾಪೀರ, ಬೆಟಗೇರಿ ಬಜಾರದ ದರ್ಜಿ. ಚೆಂಡನ್ನು ಕೈಯಿಂದ ಹಿಡಿಯದೆ ಕಾಲಿನಿಂದ ಒದೆಯುವುದರಲ್ಲಿ ಏನು ಸುಖವಿದೆಯೋ ಅವನಿಗೆ ತಿಳಿಯದು, ತಿಳಿಯುವ ಆಸೆಯೂ ಇರಲಿಲ್ಲ. ಅವನಿಗೆ ಬೇಕಾಗಿದ್ದದ್ದು ಒಂದೇ ಒಂದು ಸುದ್ದಿ: ಕ್ವಾರ್ಟರ್ ಫೈನಲ್ಲಿನಲ್ಲಿ ಗದಗಿನ ಹುಡುಗಿಯರ ಎದುರಿಗೆ ಬರುವವರು ಯಾವ ಊರವರು, ಮತ್ತು ಅವರ ಅಂಗಿಯ ಬಣ್ಣ ಯಾವುದು? ಈ ಒಂದು ಮಾತನ್ನು ಖಚಿತವಾಗಿ ಹೇಳುವವರು ಇಡೀ ಊರಲ್ಲಿ ಒಬ್ಬರೂ ಸಿಗಲಿಲ್ಲ. ಹೇಳುವವರೇನೋ ಬೇಕಾದಷ್ಟು ಜನ ಇದ್ದರು. ಅದೇ ಅವನ ಸಂಕಟವಾಗಿತ್ತು.

ಹೆಣ್ಣುಮಕ್ಕಳ ಫುಟ್‌ಬಾಲ್ ತಂಡ ಕಟ್ಟಬೇಕೆಂದು ಕಾಲೇಜುಗಳಿಗೆ ಸುತ್ತೋಲೆ ಬಂದದ್ದು ಆ ವರ್ಷವೇ. ದೇಶವೆಲ್ಲ ಕ್ರಿಕೆಟ್ಟಿನ ವಿಶ್ವಕಪ್ ಗೆದ್ದ ಅಮಲಿನಲ್ಲಿತ್ತು, ಫುಟ್‌ಬಾಲ್ ಯಾರಿಗೆ ಬೇಕಾಗಿತ್ತು? ಆದರೂ ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲ ಕಡೆಯ ಕಾಲೇಜಿನವರೂ ಖೋಖೋ ಆಡುವ ಹುಡುಗಿಯರನ್ನೇ ಹಿಡಿದು ತಂದು, ಎದುರಿಗೆ ಚೆಂಡು ಇಟ್ಟು, ಒದೆಯಿರಿ ಅಂದರು. ಮೊದಮೊದಲು ಓಡಿ ದಣಿದವಳು ಗೆಳತಿಯ ಬೆನ್ನು ಮುಟ್ಟಿ ಖೋ ಅಂದು ತಾನು ಕುಳಿತುಬಿಡುತ್ತಿದ್ದಳಂತೆ. ಹಾಗೂ ಹೀಗೂ ತಂಡಗಳಾದವು. ಪಂದ್ಯಗಳು ಗದಗಿನಲ್ಲೇ ಎಂದು ನಿಶ್ಚಯವಾಯಿತು.

ದಾದಾಪೀರನ ಮಗಳು ಅಲ್ಮಾಸಬಿ ಬಿ.ಎ. ಎರಡನೇ ವರ್ಷದಲ್ಲಿದ್ದಳು. ಖೋಖೋದಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲವಾದ್ದರಿಂದ ಫುಟ್‌ಬಾಲ್ ತಂಡದಲ್ಲಿ ಅವಳದೇ ಮೊದಲ ಹೆಸರು. ಆದರೆ ಅವಳು ಆಡಬೇಕೋ ಬೇಡವೋ ಎಂಬುದು ಬೆಟಗೇರಿಯಲ್ಲಿ ತೀರ್ಮಾನವಾಗುವ ಮಾತಲ್ಲ. ಅದು ಲಕ್ಷ್ಮೇಶ್ವರದಲ್ಲಿ ಆಗಬೇಕಾಗಿತ್ತು. ಅಲ್ಲಿ ಶೇಂಗಾ ವ್ಯಾಪಾರ ಮಾಡುತ್ತಿದ್ದ ದಾದಾಪೀರನ ಅಣ್ಣ ಇಸ್ಮಾಯಿಲಸಾಬ, ತಂದೆ ತೀರಿಕೊಂಡ ಮೇಲೆ ಎರಡೂ ಮನೆಗಳಿಗೆ ಹಿರಿಯ. ಅವನು ಹೂಂ ಅನ್ನದೆ ಆ ಮನೆಗಳಲ್ಲಿ ಮದುವೆಯೂ ಆಗುತ್ತಿರಲಿಲ್ಲ, ಸುಂತಿಯೂ ಆಗುತ್ತಿರಲಿಲ್ಲ. ಅಲ್ಮಾಸಳನ್ನು ಕಾಲೇಜಿಗೆ ಹಾಕುವಾಗಲೇ ಅವನು ಒಂದು ವಾರ ಮುಖ ಗಂಟಿಕ್ಕಿಕೊಂಡಿದ್ದ. ಫುಟ್‌ಬಾಲ್ ಅಂದಾಗ ಒಂದು ಕರಾರು ಹಾಕಿದ. ಮುಂಗೈವರೆಗೆ ತೋಳಿರಬೇಕು, ಕಾಲಿನ ಹರಡಿನವರೆಗೆ ಪಾಯಿಜಾಮ ಇರಬೇಕು.

"ಮೊಣಕೈ ಕಂಡ ದಿನಾ ಆಟಾನೂ ಬಂದ್, ಕಾಲೇಜೂ ಬಂದ್," ಅಂದಿದ್ದ. "ಈ ಮಾತಿಗೆ ನೀ ಹೂಂ ಅಂದ್ರ ನಾನೂ ಹೂಂ."

ದಾದಾಪೀರ ಹೂಂ ಅಂದ. ಅಷ್ಟೇ ಅಲ್ಲ, ಇಡೀ ತಂಡದ ಬಟ್ಟೆಯನ್ನು ತಾನೇ ಹೊಲಿಯುತ್ತೇನೆಂದು ಕಾಲೇಜಿಗೆ ಹೋಗಿ ಹೇಳಿ ಬಂದ. ಒಬ್ಬಳಿಗೆ ಮಾತ್ರ ಮೈತುಂಬ ಬಟ್ಟೆ ಹಾಕಿ ನಿಲ್ಲಿಸಿದರೆ ಅವಳು ಎದ್ದು ಕಾಣುತ್ತಾಳೆ, ಎಲ್ಲರಿಗೂ ಹಾಕಿದರೆ ಅದೇ ತಂಡದ ಉಡುಪಾಗುತ್ತದೆ ಎಂಬುದು ಅವನ ಲೆಕ್ಕ. ಉಳಿದ ಹುಡುಗಿಯರ ತಂದೆತಾಯಿಗಳೂ ಒಳಗೊಳಗೆ ಖುಷಿಪಟ್ಟರು. ತೋಳು ಓಡುವಾಗ ಮೇಲೆ ಸರಿಯಬಾರದೆಂದು ಅವನು ಅದನ್ನು ಕೈಗೆ ಅಂಟಿ ಕೂರುವಂತೆ ಬಿಗಿಯಾಗಿ ಕತ್ತರಿಸಿ, ಮುಂಗೈಗೆ ಗುಂಡಿ ಇಟ್ಟು, ಕಂಕುಳಲ್ಲಿ ಎರಡೆರಡು ಹೊಲಿಗೆ ಹಾಕಿದ. ಅಣ್ಣನಿಗೆ ಕೊಟ್ಟ ಮಾತನ್ನು ಅವನು ಹಾಗೆ ಸೂಜಿಯಲ್ಲಿ ಹಾಕಿ ಹೊಲಿದಿದ್ದ.

ಬಣ್ಣ ಮಾತ್ರ ಅವನ ಕೈಯಲ್ಲಿರಲಿಲ್ಲ. ಬುಡ್ಡೇಸಾಬನ ಬಟ್ಟೆ ಅಂಗಡಿಯಲ್ಲಿ ಒಂದೇ ಬಣ್ಣದ ಇಡೀ ಥಾನು ಪಾಪ್ಲಿನ್ ಸಿಕ್ಕಿದ್ದು ಹಸಿರು. ಹೊಲಿಗೆ ಅರ್ಧ ಆದ ಮೇಲೆ ಆಟ ಕಲಿಸುವ ತಾರಾಬಾಯಿಯವರು ಅಂಗಡಿಗೆ ಬಂದು, ಮುಂಡರಗಿಯವರದೂ ಹಸಿರೇ ಅಂಗಿಯಂತೆ ಅಂದರು. ತಾರಾಬಾಯಿಯವರು ಪೂಜೆ-ಪುರಾಣದ ಮನೆತನದವರು, ಮೆತ್ತಗೆ ಮಾತಾಡುವವರು. ಆದರೆ ನಿಯಮದ ಮಾತು ಬಂದರೆ ಕಲ್ಲು. ಎರಡೂ ತಂಡದ ಬಣ್ಣ ಒಂದೇ ಆದರೆ ಬದಲಾಯಿಸಬೇಕಾದವರು ಆತಿಥ್ಯ ಮಾಡುವವರು, ಅಂದರೆ ಗದಗಿನವರು. ಬೇರೆ ಬಣ್ಣದ ಅಂಗಿ ಇಲ್ಲದಿದ್ದರೆ ಆಟವಿಲ್ಲ, ಎದುರಿನವರು ಗೆದ್ದಂತೆ.

ದಾದಾಪೀರನಿಗೆ ಅಂದೇ ಮೊದಲ ಸಲ ರೇಗಿತು. ಹದಿನಾಲ್ಕು ಅಂಗಿಗಳನ್ನು ಮತ್ತೆ ಮೊದಲಿನಿಂದ ಹೊಲಿಯುವುದೆಂದರೆ ಮಾತೇ? ಮದುವೆಯ ದಿನಗಳು, ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬುಡ್ಡೇಸಾಬನಿಂದ ಹಳದಿ ಪಾಪ್ಲಿನ್ ತಂದು ಮೂಲೆಯಲ್ಲಿ ಇಟ್ಟುಕೊಂಡು, ಮುಂಡರಗಿಯವರು ಎದುರಾಗುವುದು ಖರೆ ಎಂದು ಗೊತ್ತಾದ ದಿನ ಹೊಲಿಯುತ್ತೇನೆ ಅಂದ. ತಾರಾಬಾಯಿಯವರು ಒಪ್ಪಿ ಹೋದರು.

ಅಲ್ಲಿಂದ ಶುರುವಾಯಿತು ಭವಿಷ್ಯ ನುಡಿಯುವವರ ಕಾಟ.

ಎಲ್ಲರಿಗಿಂತ ಮುಂದಿದ್ದವರು ಮಾರ್ತಾಂಡರಾಯರು. ಕಾಲೇಜಿನ ಆಫೀಸಿನಲ್ಲಿ ಗುಮಾಸ್ತರು. ಸಂಜೆ ಸೈಕಲ್ ನಿಲ್ಲಿಸಿ, ಹೊಲಿಯಲು ಕೊಟ್ಟ ಪ್ಯಾಂಟಿನ ನೆಪದಲ್ಲಿ ಅಂಗಡಿಯ ಕಟ್ಟೆಯ ಮೇಲೆ ಕುಳಿತರೆ ಏಳುತ್ತಿರಲಿಲ್ಲ. ಯಾವ ಊರಿನ ತಂಡ ಹೇಗೆ, ಯಾರ ಕಾಲಿಗೆ ಬಲವಿದೆ, ಯಾರು ಬಿಸಿಲಿಗೆ ಬೀಳುತ್ತಾರೆ, ಎಲ್ಲ ಅವರ ನಾಲಿಗೆಯ ತುದಿಯಲ್ಲಿ. ಸೋಮವಾರ ಅವರ ಪ್ರಕಾರ ಕ್ವಾರ್ಟರ್ ಫೈನಲ್ ಮುಂಡರಗಿಯ ಜೊತೆ. ಅದರಲ್ಲಿ ಸಂಶಯವೇ ಇಲ್ಲ. ದಾದಾಪೀರ ಹಳದಿ ಬಟ್ಟೆಯನ್ನು ಮೂಲೆಯಿಂದ ಎಳೆದು ಮೇಜಿನ ಮೇಲೆ ಹಾಸಿದ. ಮಂಗಳವಾರ ಮುಂಡರಗಿಯವರು ಮೊದಲ ಸುತ್ತಿನಲ್ಲೇ ಮನೆಗೆ ಹೋಗುವವರು, ಶಿರಹಟ್ಟಿಯವರು ಬರುವವರು. ದಾದಾಪೀರ ಬಟ್ಟೆ ಮಡಚಿ ಮೂಲೆಗೆ ಇಟ್ಟ. ಬುಧವಾರ ಹುಬ್ಬಳ್ಳಿ. ಗುರುವಾರ ತಿರುಗಿ ಮುಂಡರಗಿ.

"ರಾಯರ, ದಿನಾ ಒಂದೊಂದ ಊರ ಹೆಸರ ಹೇಳಿದ್ರ ಯಾವದರ ಒಂದು ಖರೆ ಆಗೂದ," ಅಂದ ದಾದಾಪೀರ. "ನಂಗ ಅಂಗಿ ಹೊಲಿಯೂದೈತ್ರಿ. ಒಂದ ಊರ ಹೇಳ್ರಿ."

"ಆಟ ಅಂದ್ರ ಹಂಗ ದಾದಾಪೀರ. ನೀ ಹೊಲಿಯೂ ಪ್ಯಾಂಟ ಯಾವಾಗ ಕೊಡ್ತಿ ಅಂತ ನಂಗ ಗೊತ್ತದ ಏನು? ಇದೂ ಹಂಗ."

ಪಕ್ಕದ ಬಳೆ ಅಂಗಡಿಯ ಮಲಂಗಸಾಬ, ಚಹಾ ತರುವವನು, ಕಾಜು-ಗುಂಡಿ ಹೊಲಿಸಲು ಬಂದವರು, ಎಲ್ಲರೂ ಒಂದೊಂದು ಊರು ಹೇಳಿದರು. ಮಲಂಗಸಾಬನಂತೂ ಆಟಕ್ಕೇ ಬಾರದ ಕೊಪ್ಪಳದ ಹೆಸರು ಹೇಳಿ ಜಗಳಕ್ಕೆ ನಿಂತ. ದಾದಾಪೀರ ಮಷೀನಿನ ಪೆಡಲನ್ನು ತುಳಿದ ರಭಸಕ್ಕೆ ಯಾರದೋ ಜುಬ್ಬಾದ ಜೇಬು ತಲೆಕೆಳಗಾಗಿ ಕೂತಿತು. ಅದನ್ನು ಬಿಚ್ಚುತ್ತ, ಒದೆಯುವವರು ಯಾರೋ, ಒದೆಸಿಕೊಳ್ಳುವವನು ತಾನು ಎಂದುಕೊಂಡ.

ಮುಂದಿನ ಸೋಮವಾರ ಪ್ರಿನ್ಸಿಪಾಲರ ಕೋಣೆಯಲ್ಲಿ ಚೀಟಿ ಎತ್ತಿ ಯಾರ ಎದುರಿಗೆ ಯಾರು ಎಂದು ಗೊತ್ತುಮಾಡಿದರು. ಇನ್ನು ಭವಿಷ್ಯದ ಮಾತಿಲ್ಲ, ಖಚಿತವಾದ ಸುದ್ದಿ ಬರುತ್ತದೆಂದು ದಾದಾಪೀರ ಮಧ್ಯಾಹ್ನದಿಂದ ರಸ್ತೆ ನೋಡುತ್ತ ಕುಳಿತ. ಮಾರ್ತಾಂಡರಾಯರು ಬಂದರು. ಆ ದಿನ ಯಾಕೋ ಅವಸರದಲ್ಲಿದ್ದರು. ಸೈಕಲ್ಲಿನಿಂದ ಇಳಿಯದೆ ಕಟ್ಟೆಗೆ ಒಂದು ಕಾಲು ಊರಿ ಹೇಳಿದರು:

"ಗದಗಕ್ಕ ಮೊದಲ ಲಕ್ಷ್ಮೇಶ್ವರ. ಶಿರಹಟ್ಟಿಗೆ ಹುಬ್ಬಳ್ಳಿ. ಮುಂಡರಗಿಗೆ ಬೈ ಕೊಟ್ಟಾರ. ನಾ ಹೇಳಿದ್ದ ಖರೆ ಆತಿಲ್ಲೋ?"

ಅಷ್ಟು ಹೇಳಿ ಗಂಟೆ ಬಾರಿಸುತ್ತ ಹೊರಟೇಹೋದರು.

ಬೈ ಅಂದರೆ ಏನೆಂದು ದಾದಾಪೀರನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಗಳು ದಿನಾ ಕಾಲೇಜಿಗೆ ಹೊರಡುವಾಗ ಓಣಿಯ ತುದಿಯಲ್ಲಿ ತಿರುಗಿ, ಕೈ ಬೀಸಿ, ಟಾಟಾ ಬೈ ಅನ್ನುತ್ತಿದ್ದಳು. ಅವಳ ಗೆಳತಿಯರೂ ಅಷ್ಟೇ, ಹತ್ತು ಸಲ ಬೈ ಅನ್ನದೆ ಬಾಗಿಲು ಬಿಡುತ್ತಿರಲಿಲ್ಲ. ಮುಂಡರಗಿಗೆ ಬೈ ಕೊಟ್ಟಾರ ಅಂದರೆ ಹೋಗಿಬನ್ನಿ ಅಂದಿದ್ದಾರೆ. ಯಾಕೆ ಅಂದರೋ, ಹುಡುಗಿಯರು ಸಾಲಲಿಲ್ಲವೋ, ಕಾಗದಪತ್ರದಲ್ಲಿ ಏನು ಕೊರತೆಯಾಯಿತೋ. ಮುಂಡರಗಿಯವರು ಆಟದಿಂದ ಹೊರಗೆ. ರಾಯರು ಮಂಗಳವಾರ ಹೇಳಿದ್ದು ಅದನ್ನೇ ಅಲ್ಲವೇ, ಮೊದಲೇ ಮನೆಗೆ ಹೋಗುತ್ತಾರೆ ಎಂದು? ಖರೆ ಆಯಿತಲ್ಲ! ಇನ್ನು ಗದಗಿಗೆ ಎದುರಾಗಬಹುದಾದವರು ಲಕ್ಷ್ಮೇಶ್ವರದವರು, ಅವರದು ಕುಂಕುಮದ ಬಣ್ಣ. ಶಿರಹಟ್ಟಿ ನೀಲಿ. ಹುಬ್ಬಳ್ಳಿ ಬಿಳಿ. ಯಾರೇ ಬರಲಿ, ಹಸಿರು ಹಸಿರೇ ಆಗಿ ಉಳಿಯುತ್ತದೆ.

ಎಷ್ಟೋ ದಿನಗಳ ಮೇಲೆ ಅವನು ನಿರಾಳವಾಗಿ ಉಸಿರು ಬಿಟ್ಟ. ಆದರೂ ಒಂದು ಮಾತು ಮನೆಯಲ್ಲಿ ಕೇಳಿಯೇಬಿಡೋಣವೆಂದು ಊಟಕ್ಕೆ ಕುಳಿತಾಗ ಮಗಳನ್ನು ಕೇಳಿದ.

"ಮುಂಡರಗಿಯವರಿಗೆ ಬೈ ಅಂತಲ್ಲ?"

"ಹೌದಬ್ಬಾ," ಅಂದಳು ಅಲ್ಮಾಸ, ರೊಟ್ಟಿ ಮುರಿಯುತ್ತ. "ಪುಣ್ಯಾ ಮಾಡ್ಯಾರ. ನಾವು ಬಿಸಲಾಗ ಸಾಯಬೇಕು, ಅವರು ಆರಾಮ ಕುಂಡರತಾರ."

ಮನೆಗೆ ಕಳಿಸಿದರೆ ಪುಣ್ಯ ಮಾಡಿದಂತೆ ಹೇಗೆ ಎಂದು ಒಂದು ಗಳಿಗೆ ಅನ್ನಿಸಿತು. ಆದರೆ ಅವಳ ಹಿಮ್ಮಡಿಯಲ್ಲಿ ಎದ್ದಿದ್ದ ಗುಳ್ಳೆಗಳನ್ನು ಕಂಡು, ಇಷ್ಟು ದಣಿದವಳಿಗೆ ಮನೆಯಲ್ಲಿ ಕೂರುವವರೇ ಪುಣ್ಯವಂತರಾಗಿ ಕಾಣುತ್ತಾರೆ ಅಂದುಕೊಂಡ. ಮಾತು ಅಲ್ಲಿಗೆ ಮುಗಿಯಿತು.

ಮರುದಿನವೇ ಮುಳಗುಂದದಿಂದ ಹಳೆಯ ಗಿರಾಕಿ ಸುಗ್ರಾಬಿ ಬಂದಳು. ಶನಿವಾರ ಮಗಳ ಮದುವೆ, ಶುಕ್ರವಾರ ಸಂಜೆ ಅರಿಸಿನದ ಶಾಸ್ತ್ರ. ಮದುಮಗಳ ಅಕ್ಕತಂಗಿಯರು, ಮಾವನ ಮಕ್ಕಳು, ಎಲ್ಲರಿಗೂ ಹಳದಿ ಬಟ್ಟೆ ಆಗಬೇಕು, ಗದಗಿನ ಅಂಗಡಿಗಳಲ್ಲಿ ಅಷ್ಟು ಹಳದಿ ಎಲ್ಲೂ ಸಿಗುತ್ತಿಲ್ಲ ಎಂದು ಅಳುಮುಖ ಮಾಡಿಕೊಂಡು ಕುಳಿತಳು. ಅವಳ ಕಣ್ಣು ಮೂಲೆಯ ಥಾನಿನ ಮೇಲೆ ಬಿತ್ತು. ದಾದಾಪೀರ ಯೋಚಿಸಲೂ ಇಲ್ಲ. ಎದ್ದು ಥಾನನ್ನು ಮೇಜಿನ ಮೇಲೆ ಬಿಚ್ಚಿ ಅಳತೆ ತಗೊಂಡ.

ಶುಕ್ರವಾರ ಮಧ್ಯಾಹ್ನ ಗದಗಿನವರು ಲಕ್ಷ್ಮೇಶ್ವರದವರನ್ನು ಒಂದು ಗೋಲಿನಿಂದ ಸೋಲಿಸಿದರು. ಇಸ್ಮಾಯಿಲಸಾಬ ತನ್ನೂರಿನ ತಂಡದ ಜೊತೆಗೇ ಬಸ್ಸಿನಲ್ಲಿ ಬಂದಿದ್ದ. ಆಟದುದ್ದಕ್ಕೂ ಚೆಂಡು ನೋಡದೆ ತಮ್ಮನ ಮಗಳ ತೋಳನ್ನೇ ನೋಡುತ್ತ ನಿಂತಿದ್ದ. ತೋಳು ಒಂದು ಬೆರಳಿನಷ್ಟೂ ಸರಿಯಲಿಲ್ಲ. ಮುಗಿದ ಮೇಲೆ, ಹೊಲಿಗಿ ಚಲೋ ಐತಿ ಅಂದ. ಅಣ್ಣನ ಬಾಯಿಂದ ಅಂಥ ಮಾತು ಬಂದದ್ದು ದಾದಾಪೀರನಿಗೆ ನೆನಪೇ ಇರಲಿಲ್ಲ. ಹಿಗ್ಗಿಹೋಗಿ, ಈ ರಾತ್ರಿ ನಮ್ಮಲ್ಲೇ ಉಳಿ, ನಾಳೆಯ ಆಟವನ್ನೂ ನೋಡಿಕೊಂಡು ಹೋಗು ಎಂದು ಒತ್ತಾಯ ಮಾಡಿದ. ತಾನು ಮಾತ್ರ ಹಳದಿ ಬಟ್ಟೆಯ ಗಂಟು, ಕತ್ತರಿ, ಸೂಜಿದಾರ ಹಿಡಿದುಕೊಂಡು ಆ ಸಂಜೆಯ ಬಸ್ಸಿಗೆ ಮುಳಗುಂದಕ್ಕೆ ಹೋದ. ಅಲ್ಲೇ ಇದ್ದು, ಹೆಚ್ಚುಕಡಿಮೆ ಬಂದದ್ದನ್ನು ಸರಿಮಾಡಿಕೊಟ್ಟು, ಬೆಳಿಗ್ಗೆ ಮೊದಲ ಬಸ್ಸಿಗೆ ತಿರುಗಿ ಬರುವುದಾಗಿ ಹೇಳಿದ್ದ. ಅರಿಸಿನದ ಕೈಗಳಿಂದ ಹುಡುಗಿಯರು ಅವನ ಹೊಲಿಗೆಯನ್ನು ಮುಟ್ಟಿ ಮುಟ್ಟಿ ಹೊಗಳಿದರು. ಆ ರಾತ್ರಿ ಅವನಿಗೆ ಒಳ್ಳೆಯ ನಿದ್ದೆ ಬಂತು.

ಶನಿವಾರ ಬಸ್ಸು ದಾರಿಯಲ್ಲಿ ಒಮ್ಮೆ ಕೆಟ್ಟು ನಿಂತದ್ದರಿಂದ ಅವನು ಮನೆಗೆ ಹೋಗದೆ ನೇರವಾಗಿ ಮೈದಾನಕ್ಕೇ ಬಂದ. ಬೇಲಿಯ ಹತ್ತಿರ ಬಂದಾಗ ಮೊದಲು ಕಂಡದ್ದು ಹಸಿರು ಅಂಗಿಗಳು. ಹುಡುಗಿಯರು ಅಷ್ಟು ಬೇಗ ಮೈದಾನಕ್ಕಿಳಿದಿದ್ದಾರೆ ಅಂದುಕೊಂಡ. ಆಮೇಲೆ ನೋಡಿದರೆ ಆ ಹಸಿರು ಅಂಗಿಗಳ ತೋಳು ಅರ್ಧ, ಮುಖಗಳು ಬೇರೆ. ಮೈದಾನದ ಈ ಬದಿಗೆ, ಬೇವಿನ ಮರದ ಕೆಳಗೆ, ಅವನು ಹೊಲಿದ ಹಸಿರು ಅಂಗಿಗಳು ಕಂಡವು. ತಾರಾಬಾಯಿಯವರು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವನ ಕಡೆಗೆ ಹೆಚ್ಚುಕಡಿಮೆ ಓಡಿಯೇ ಬಂದರು.

"ಅಂತೂ ಬಂದ್ರಲ್ಲ. ರಾಯರು ಸುದ್ದಿ ಮುಟ್ಟಿಸ್ಯಾರ, ನೀವು ಹೊಲದಿಟ್ಟಿರಿ ಅಂತ ನಾ ಆರಾಮ ಇದ್ದೆ. ನಿನ್ನಿ ಸಂಜಿಯಿಂದ ನಿಮ್ಮ ಅಂಗಡಿ ಬಾಗಿಲಾ ಬಡದು ಸಾಕಾತು. ಹಳದಿ ಎಲ್ಲಿ ಅವ?"

"ಯಾವ ಹಳದಿ ಬಾಯಾರ?"

"ಹಳದಿ ಅಂಗೀರಿ. ಮುಂಡರಗಿ ಬಂದದಲ್ಲ."

"ಮುಂಡರಗಿಗೆ ಬೈ ಕೊಟ್ಟಿದ್ರಲ್ರಿ," ಅಂದ ದಾದಾಪೀರ. "ಮನಿಗೆ ಕಳಿಸಿದವ್ರನ್ನ ಮತ್ಯಾಕ ಕರಸಿದ್ರಿ?"

ತಾರಾಬಾಯಿಯವರ ಹಿಂದೆಯೇ ನಿಂತಿದ್ದ ಮಾರ್ತಾಂಡರಾಯರು ಮೊದಲು ಅವನನ್ನು, ಆಮೇಲೆ ಆಕಾಶವನ್ನು ನೋಡಿದರು. ನಗು ತಡೆಯಲು ಮೂಗು ಒರೆಸಿಕೊಂಡರು. ಆಮೇಲೆ, ಮಕ್ಕಳಿಗೆ ಹೇಳುವಂತೆ ಬಿಡಿಸಿ ಹೇಳಿದರು. ತಂಡಗಳ ಸಂಖ್ಯೆ ಸರಿಹೊಂದದಿದ್ದಾಗ ಕೆಲವರಿಗೆ ಮೊದಲ ಸುತ್ತಿನಲ್ಲಿ ಎದುರಾಳಿಯೇ ಇರುವುದಿಲ್ಲ. ಅವರು ಆಡದೆಯೇ ಮುಂದಿನ ಸುತ್ತಿಗೆ ಹೋಗುತ್ತಾರೆ. ಅದಕ್ಕೆ ಬೈ ಅನ್ನುತ್ತಾರೆ. ಗದಗ-ಲಕ್ಷ್ಮೇಶ್ವರದ ಆಟದಲ್ಲಿ ಗೆದ್ದವರ ಎದುರಿಗೆ ಬೈ ಪಡೆದ ಮುಂಡರಗಿ ಎಂದು ಚೀಟಿ ಎತ್ತಿದ ದಿನವೇ ಗೊತ್ತಾಗಿತ್ತು.

"ಆಡದವರನ್ನ ಮುಂದ ಕಳಸೂದು, ಅದಕ್ಕ ಬೈ ಅನ್ನೂದು," ಅಂದ ದಾದಾಪೀರ. "ಕನ್ನಡದಾಗ ಬೈ ಅಂದ್ರ ಬೈಗಳಾ, ಇಂಗ್ಲೀಷಿನ್ಯಾಗ ಬೈ ಅಂದ್ರ ಹೋಗ್ಬರ್ರಿ. ಮುಂದ ಬರ್ರಿ ಅನ್ನೂದು ಯಾ ಭಾಷಾದಾಗರೀ ರಾಯರ?"

"ಆಟದ ಭಾಷಾದಾಗ."

"ಸೈಕಲ್ ಇಳದು ಅದೊಂದ ಮಾತ ಹೇಳಿ ಹೋಗಿದ್ರ ನಿಮ್ಮ ಗಂಟ ಏನ ಹೋಗತಿತ್ತು?"

ಯಾರನ್ನು ಬೈದು ಏನು? ಹಳದಿ ಪಾಪ್ಲಿನ್ ಮುಳಗುಂದದಲ್ಲಿ ಅರಿಸಿನ ಮೆತ್ತಿಕೊಂಡು ಕುಳಿತಿತ್ತು. ಹುಡುಗಿಯರು ಸುತ್ತ ಬಂದು ನಿಂತರು. ಅಲ್ಮಾಸ ಬಗ್ಗಿ ಕಾಲ ಬಳಿಯಿದ್ದ ಚೆಂಡನ್ನು ಎತ್ತಿಕೊಂಡಳು. ಅವಳು ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯೆನಿಸುತ್ತಿತ್ತು.

ಗಂಡುಹುಡುಗರ ತಂಡದ ಕೆಂಪು ಅಂಗಿಗಳು ಕಾಲೇಜಿನ ಕಪಾಟಿನಲ್ಲಿವೆ ಎಂದು ತಾರಾಬಾಯಿಯವರಿಗೆ ನೆನಪಾಯಿತು. ಜವಾನ ರಾಮಪ್ಪ ಓಡಿಹೋಗಿ ತಂದ. ಅರ್ಧ ತೋಳಿನವು. ಕೊರಳು ಎಷ್ಟು ಅಗಲವೆಂದರೆ ಹುಡುಗಿಯರ ಭುಜದಿಂದಲೇ ಜಾರುತ್ತಿದ್ದವು. ಅವನ್ನೇ ಹಾಕಿಕೊಂಡು ಆಡುವ ಮಾತೇ ಇರಲಿಲ್ಲ. ಆದರೆ ಹಸಿರು ಅಂಗಿಯ ಮೇಲೆ ತೊಟ್ಟರೆ ಚೆನ್ನಾಗಿಯೇ ಕೂತವು. ದಾದಾಪೀರನಿಗೆ ಹೋದ ಜೀವ ಬಂದಂತಾಯಿತು. ಮೈ ಕೆಂಪು, ತೋಳು ಹಸಿರು, ಮುಂಗೈವರೆಗೂ ಮುಚ್ಚಿದೆ. ಬೇಲಿಯ ಆಚೆ ಕೊಡೆ ಹಿಡಿದು ನಿಂತಿದ್ದ ಅಣ್ಣನ ಕಡೆ ನೋಡಿದ. ಅಣ್ಣ ತಲೆದೂಗಿದ.

ಆಗ ರೆಫರಿ ದ್ಯಾಮಪ್ಪ ಬಂದ. ಹುಬ್ಬಳ್ಳಿಯ ರೈಲ್ವೆಯಲ್ಲಿದ್ದು, ಆಡಿ ಆಡಿ ಮೊಣಕಾಲು ಕೆಡಿಸಿಕೊಂಡು, ಈಗ ಸೀಟಿ ಊದುತ್ತಿದ್ದವನು. ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ, ಆ ತುದಿಯಿಂದ ಈ ತುದಿಯವರೆಗೆ ನೋಡಿ, ಆಗೂದಿಲ್ಲ ಅಂದ. ತಾರಾಬಾಯಿಯವರು ಯಾಕೆ ಅಂದರು.

"ಈ ಆಟದಾಗ ಕೈಗೆ ಚೆಂಡ ಬಡಿಬಾರದ್ರೀ. ಗುಂಪಿನ್ಯಾಗ ಒಂದ ಹಸರ ಕೈಗೆ ಬಡೀತು ಅಂತ ತಿಳೀರಿ. ಯಾರ ಕೈ ಅಂತ ಊದಲಿ? ಮುಂಡರಗಿಯವ್ರ ತೋಳೂ ಹಸರ, ಇವರ ತೋಳೂ ಹಸರ. ಇವರ ತೋಳ ಹಸರ ಕಾಣಬಾರದು."

ತೋಳು ಮಡಚಿರಿ ಅಂದರು. ಹುಡುಗಿಯರು ಗುಂಡಿ ಬಿಚ್ಚಿ ಮಡಚಲು ನೋಡಿದರು. ಮೊಣಕೈ ಹತ್ತಿರ ಬರುತ್ತಲೇ ಬಟ್ಟೆ ಬಿಗಿದುಕೊಂಡು ನಿಂತಿತು. ಎಷ್ಟು ಎಳೆದರೂ ಮೇಲೆ ಸರಿಯಲೊಲ್ಲದು. ಸರಿಯಬಾರದೆಂದೇ ಅವನು ಅದನ್ನು ಹಾಗೆ ಕತ್ತರಿಸಿದ್ದು. ತನ್ನ ಕೆಲಸ ಇಷ್ಟು ಅಚ್ಚುಕಟ್ಟಾಗಿ ಬಂದದ್ದಕ್ಕೆ ದಾದಾಪೀರ ಆವತ್ತು ತನ್ನನ್ನು ತಾನೇ ಶಪಿಸಿಕೊಂಡ. ಅತ್ತ ಮುಂಡರಗಿಯ ಹುಡುಗಿಯರು ಮೈ ಬಿಸಿ ಮಾಡಿಕೊಳ್ಳುತ್ತ ಓಡಾಡುತ್ತಿದ್ದರು. ದ್ಯಾಮಪ್ಪ ಗಡಿಯಾರ ನೋಡಿಕೊಂಡು, ಹೊತ್ತಾದರೆ ಮುಂಡರಗಿ ಗೆದ್ದಿತೆಂದು ಬರೆಯುವುದಾಗಿ ಹೇಳಿದ.

ಎಲ್ಲರೂ ದಾದಾಪೀರನ ಚೀಲವನ್ನು ನೋಡಿದರು. ಅದರಲ್ಲಿ ಕತ್ತರಿ ಇತ್ತು.

ಇಸ್ಮಾಯಿಲಸಾಬ ಬೇಲಿ ದಾಟಿ ಒಳಗೆ ಬಂದಿದ್ದ. ಕೊಡೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ತಮ್ಮನ ಹತ್ತಿರ ನಿಂತು, ಬೇರೆಯವರಿಗೆ ಕೇಳದಂತೆ ಹೇಳಿದ.

"ಉಳದವ್ರ ಮನ್ಯಾಗ ಏನರ ಆಗಲಿ. ನೀ ನಂಗ ಏನಂದಿದ್ದಿ?"

"ಗೊತ್ತೈತಿ ಭಾಯಿ."

"ನಾ ಏನಂದಿದ್ದೆ, ಅದೂ ಗೊತ್ತೈತಿಲ್ಲೋ?"

ಅಲ್ಮಾಸಳಿಗೆ ಅದು ಕೇಳಿಸಿತ್ತು. ಅವಳು ತೊಟ್ಟಿದ್ದ ಕೆಂಪು ಅಂಗಿಯನ್ನು ತಲೆಯ ಮೇಲಿಂದ ತೆಗೆದು, ಮಡಚಿ, ಅಪ್ಪನ ಮುಂದೆ ಹಿಡಿದಳು.

"ಅಬ್ಬಾ, ನಾ ಕುಂಡರತೀನಿ. ನನ್ನ ಬದಲಿ ಒಬ್ಬಾಕಿ ಅದಾಳ. ಉಳದವ್ರ ತೋಳ ಕತ್ತರಸ್ರಿ. ಅವರರ ಆಡ್ಲಿ."

ಅವಳು ಅತ್ತು ಕೇಳಿದ್ದರೆ ಅವನು ಬೇಡ ಅನ್ನುತ್ತಿದ್ದನೇನೋ. ಜಗಳ ಮಾಡಿದ್ದರೂ ಅನ್ನುತ್ತಿದ್ದ. ಆದರೆ ಅವಳು ಹಾಲಿನ ಲೆಕ್ಕ ಹೇಳುವಂತೆ ಹೇಳಿದಳು. ಅಷ್ಟು ದಿನ ಬಿಸಿಲಲ್ಲಿ ಓಡಿದ್ದೆಲ್ಲ ತನ್ನದಲ್ಲವೇ ಅಲ್ಲ ಎಂಬಂತೆ ಹೇಳಿದಳು. ಅದು ಅವನನ್ನು ಕೆರಳಿಸಿತು. ತಪ್ಪು ಮಾಡಿದವನು ತಾನು. ಆಟ ಕೆಟ್ಟದ್ದು ಒಂದು ಹಾಳು ಶಬ್ದದಿಂದ. ಇವಳು ಯಾಕೆ ಮಡಚಿ ಕೊಡಬೇಕು?

"ಅಂಗಿ ಹಾಕ್ಕೊ," ಅಂದ.

"ಅಬ್ಬಾ..."

"ಹಾಕ್ಕೊ ಅಂದೆ. ಕೈ ಮುಂದ ಮಾಡು."

ಭುಜದಿಂದ ನಾಲ್ಕು ಬೆರಳು ಕೆಳಗೆ, ಕೆಂಪು ಅಂಗಿಯ ಅಂಚಿಗೆ ಸರಿಯಾಗಿ, ಕತ್ತರಿ ಇಟ್ಟ. ಎಷ್ಟೋ ಜನರ ಅಂಗಿ ಕತ್ತರಿಸಿದ ಕೈ ಅದು. ಆದರೆ ಹೊಲಿದು ಮುಗಿಸಿದ ಅಂಗಿಯನ್ನು ಮೈಮೇಲಿರುವಾಗಲೇ ಎಂದೂ ಕತ್ತರಿಸಿರಲಿಲ್ಲ. ತೋಳು ಮುಂಗೈಯ ಕಡೆಗೆ ಜಾರಿ ಅಲ್ಲಿ ಸಿಕ್ಕಿಕೊಂಡಿತು. ಎಳೆದು ತೆಗೆದ. ಬಿಸಿಲೇ ಕಾಣದ ಬೆಳ್ಳಗಿನ ಕೈ ಹೊರಗೆ ಬಂತು. ಇನ್ನೊಂದನ್ನೂ ಕತ್ತರಿಸಿದ. ಆಮೇಲೆ ತಲೆ ಎತ್ತದೆ, ಮುಂದಿನಾಕಿ ಬರ್ರಿ ಅಂದ. ಹುಡುಗಿಯರು ಒಬ್ಬೊಬ್ಬರಾಗಿ ಅವನ ಮುಂದೆ ಕೈ ಚಾಚಿದರು. ಕೊನೆಯವಳ ತೋಳು ತೆಗೆದು ತಲೆ ಎತ್ತಿದಾಗ ಅಣ್ಣ ಅಲ್ಲಿರಲಿಲ್ಲ. ಬಸ್ ಸ್ಟ್ಯಾಂಡಿನ ದಾರಿಯಲ್ಲಿ ಕೊಡೆ ದೂರ ಹೋಗುತ್ತಿತ್ತು.

ಆಟ ಶುರುವಾಯಿತು. ಮೊದಲರ್ಧ ಯಾರಿಗೂ ಗೋಲು ಬರಲಿಲ್ಲ. ಅಲ್ಮಾಸ ಮೈದಾನದ ತುಂಬ ಇದ್ದಳು. ಎರಡು ಸಲ ಅವಳು ಒದ್ದ ಚೆಂಡು ಗೋಲಿನ ಕಂಬಕ್ಕೆ ಬಡಿದು ತಿರುಗಿ ಬಂತು. ಎರಡನೆಯ ಸಲ ತಾನು ಎದ್ದು ನಿಂತಿದ್ದೇನೆಂದು ದಾದಾಪೀರನಿಗೆ ಗೊತ್ತಾದದ್ದು, ತೊಡೆಯ ಮೇಲಿದ್ದ ಹಸಿರು ತೋಳುಗಳೆಲ್ಲ ನೆಲಕ್ಕೆ ಬಿದ್ದಾಗ. ಇನ್ನೇನು ಮುಗಿಯಿತು ಅನ್ನುವಾಗ ಮುಂಡರಗಿಯ ಒಬ್ಬ ಗಿಡ್ಡ ಹುಡುಗಿ ಎಲ್ಲರಿಗಿಂತ ಮುಂದೆ ಒಬ್ಬಳೇ ನಿಂತಿದ್ದಳು. ಚೆಂಡು ಅವಳ ಕಾಲಿಗೇ ಬಂತು. ಅವಳು ಅದನ್ನು ಒಳಗೆ ಒದ್ದಳು. ಅಲ್ಮಾಸ ಕೈ ಎತ್ತಿ ದ್ಯಾಮಪ್ಪನ ಕಡೆ ಓಡಿದಳು. ದ್ಯಾಮಪ್ಪ ಅವಳ ಮಾತು ಕೇಳದೆ ನಡುವಿನ ಗೆರೆಯ ಕಡೆ ಕೈ ತೋರಿಸಿ ಗೋಲು ಕೊಟ್ಟ. ಗದಗ ಸೋತಿತು.

ಇದಕ್ಕಾಗಿ ಇಷ್ಟೆಲ್ಲ ಆಯಿತೇ ಎಂದು ದಾದಾಪೀರ ಅಲ್ಲೇ ಕುಳಿತ. ಮಾತು ಹೋಯಿತು, ಅಣ್ಣ ಹೋದ, ಆಟವೂ ಹೋಯಿತು. ಮಾರ್ತಾಂಡರಾಯರು ಹತ್ತಿರ ಬಂದು ಇನ್ನು ಸೆಮಿಫೈನಲ್ಲಿಗೆ ಯಾರು ಯಾರು ಎಂದು ಬಾಯಿ ತೆರೆದರು. ಅವನ ಮುಖ ನೋಡಿ, ಪ್ಯಾಂಟಿಗೆ ಅವಸರವಿಲ್ಲ ಎಂದಷ್ಟೇ ಹೇಳಿ ಹೋದರು.

ತಂದೆ ಮಗಳು ನಡೆದೇ ಬೆಟಗೇರಿಗೆ ಹೊರಟರು. ಅಲ್ಮಾಸ ತೋಳಿಲ್ಲದ ಹಸಿರು ಅಂಗಿಯ ಮೇಲೆ ಓಢಣಿ ಹೊದ್ದುಕೊಂಡಿದ್ದಳು. ಬಜಾರ ಹತ್ತಿರವಾದಾಗ ಅವಳೇ ಶುರುಮಾಡಿದಳು. ಅದು ಗೋಲೇ ಅಲ್ಲ. ಜೊತೆಯವಳು ಚೆಂಡನ್ನು ಅವಳ ಕಡೆ ಒದೆಯುವ ಹೊತ್ತಿಗೆ ಆ ಗಿಡ್ಡಿಯ ಮುಂದೆ ತಮ್ಮ ಗೋಲ್‌ಕೀಪರ್ ಒಬ್ಬಳೇ ಇದ್ದಳು, ಹಾಗೆ ತಮ್ಮ ಬೆನ್ನ ಹಿಂದೆ ಬಂದು ಕಳ್ಳರಂತೆ ಕಾದು ನಿಲ್ಲುವ ಹಾಗಿಲ್ಲ, ಅದಕ್ಕೆ ಆಫ್‌ಸೈಡ್ ಅನ್ನುತ್ತಾರೆ. ಹೇಳುತ್ತ ಹೇಳುತ್ತ ಅವಳಿಗೆ ಆವೇಶ ಬಂತು. ಇಲ್ಲಿ ಅವಳಿದ್ದಳು, ಇಲ್ಲಿ ನಾನಿದ್ದೆ ಎಂದು ಎರಡೂ ಕೈ ಚಾಚಿ ತೋರಿಸಿದಳು. ಓಢಣಿ ಜಾರಿ ಮೊಣಕೈಗೆ ಬಂದು ನೇತಾಡಿತು. ಬಜಾರದ ಜನ ನೋಡುತ್ತಿದ್ದರು. ಮಲಂಗಸಾಬ ಬಳೆ ಒರೆಸುವುದನ್ನು ಬಿಟ್ಟು ನೋಡಿದ. ದಾದಾಪೀರ ಓಢಣಿ ಸರಿಮಾಡಿಕೋ ಎನ್ನಲು ಬಾಯಿ ತೆರೆದ.

"ಹಂಗಾರ ಆ ದ್ಯಾಮಪ್ಪ ಸೀಟಿ ಯಾಕ ಊದಲಿಲ್ಲ?" ಅಂದ.

"ಅವ ದೂರ ಇದ್ದ ಅಬ್ಬಾ. ಅವನ ಮೊಣಕಾಲ ಸರಿ ಇಲ್ಲ, ಜಲ್ದಿ ಓಡಾಕ ಆಗೂದಿಲ್ಲ."

"ಓಡಾಕ ಬರದವ್ರು ಊದಾಕ ಯಾಕ ಬರಬೇಕು? ತೋಳಿನ ಬಣ್ಣಾ ಕಾಣತೈತಿ, ಎದರಿಗಿನ ಕಳ್ಳಿ ಕಾಣೂದಿಲ್ಲ?"

ಅವಳು ನಕ್ಕಳು. ಅಂಗಡಿ ದಾಟಿ ಓಣಿಗೆ ತಿರುಗುವಾಗ, ಅವನ ಮುಖ ನೋಡದೆ ಕೇಳಿದಳು.

"ಬಡೇ ಅಬ್ಬಾ ಕಾಲೇಜೂ ಬಂದ್ ಅಂದಿದ್ರಲ್ಲ. ನಾಳಿಯಿಂದ ಹೋಗಲೋ ಬ್ಯಾಡೋ?"

ದಾದಾಪೀರ ನಿಂತ. ಶುಕ್ರವಾರದ ನಮಾಜಿನ ಮೊದಲು ಲಕ್ಷ್ಮೇಶ್ವರಕ್ಕೆ ಹೋಗಬೇಕು. ಅಣ್ಣನ ಬಾಗಿಲಲ್ಲಿ ನಿಲ್ಲಬೇಕು. ಅಣ್ಣ ಒಳಗೆ ಕರೆಯದೆಯೂ ಇರಬಹುದು. ಅಲ್ಲಿ ಏನು ಹೇಳಬೇಕೆಂದು ಅವನಿಗೆ ಈಗಲೂ ಹೊಳೆದಿರಲಿಲ್ಲ. ಮೈಯೆಲ್ಲ ದಣಿದಿತ್ತು, ಸಿಟ್ಟು ಇನ್ನೂ ಆರಿರಲಿಲ್ಲ.

"ನಾಳಿ ಐತವಾರ," ಅಂದ. "ಸೋಮವಾರ ಹೋಗು. ಹೋಗಿ ಆ ಬಾಯಾರಿಗೆ ಹೇಳು, ಮುಂದಿನ ವರ್ಷ ಬ್ಯಾರೆ ರೆಫರಿ ಕರಸ್ರಿ ಅಂತ."